ಯಂತ್ರದ ನಾಡಿ ಬಲ್ಲವನು: ರುಡಾಲ್ಫ್ ಡೀಸೆಲ್

ಮನುಷ್ಯನ ಹೆಸರು ವಸ್ತುವಿನ ಹೆಸರಾಗಿಬಿಟ್ಟರೆ ಮನುಷ್ಯನು ಮರೆಯಾಗುತ್ತಾನೆ. ಪೇಟೆಯ ಬಂಕಿನಿಂದ ಹಿಡಿದು ಹಳ್ಳಿಯ ಪಂಪುಸೆಟ್ಟಿನವರೆಗೆ ಡೀಸೆಲ್ ಎಂಬ ಮಾತನ್ನು ನಾವು ದಿನಕ್ಕೆ ಎಷ್ಟು ಬಾರಿ ಆಡುತ್ತೇವೆಯೋ ಲೆಕ್ಕವಿಲ್ಲ. ಅದೊಂದು ಎಣ್ಣೆಯ ಹೆಸರೆಂದೇ ಹೆಚ್ಚಿನವರ ತಿಳಿವಳಿಕೆ. ಪ್ಯಾರಿಸಿನ ಒಬ್ಬ ಕುಶಲಕರ್ಮಿಯ ಮನೆಯಲ್ಲಿ ಹುಟ್ಟಿ, ಐವತ್ತೈದನೆಯ ವಯಸ್ಸಿನಲ್ಲಿ ಕಡಲ ಪಾಲಾದ ಒಬ್ಬ ಮನುಷ್ಯನ ಮನೆತನದ ಹೆಸರು ಅದೆಂಬುದನ್ನು ನೆನೆಯುವವರು ಕಡಿಮೆ.

ಶಿರಾಡಿ ಘಟ್ಟವನ್ನು ಹತ್ತುತ್ತಿರುವ ಭಾರದ ಲಾರಿಯೊಂದು ನಡುದಾರಿಯಲ್ಲಿ ಬಲಗುಂದಿ ನಿಂತಿತೆನ್ನೋಣ. ಚಾಲಕನ ಮುಂದಿನ ಫಲಕದಲ್ಲಿ ಕೆಂಪು ದೀಪವೊಂದು ಹೊತ್ತಿಕೊಂಡಿದೆ. ಹಿಂದಿನ ಕಾಲದ ಮೇಸ್ತ್ರಿಯಾಗಿದ್ದರೆ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಹೊಗೆಯ ಬಣ್ಣವನ್ನು ನೋಡಿ, ಎಣ್ಣೆಯನ್ನು ಬೆರಳಿನ ನಡುವೆ ತಿಕ್ಕಿ ರೋಗವನ್ನು ಊಹಿಸುತ್ತಿದ್ದನು. ಇಂದಿನ ಮೆಕ್ಯಾನಿಕ್ಕನು ಚಾಲಕನ ಆಸನದ ಬಳಿಯಿರುವ ಒಂದು ಕಿಂಡಿಗೆ ವೈರನ್ನು ಸಿಕ್ಕಿಸಿ, ಕೈಯಲ್ಲಿಯ ಉಪಕರಣದ ತೆರೆಯನ್ನು ನೋಡುತ್ತಾನೆ. ಅಲ್ಲಿ ಕೆಲವು ಅಂಕಿಗಳು ಮೂಡುತ್ತವೆ. ಎಂಜಿನ್ನು ತನ್ನ ದೋಷವನ್ನು ತಾನೇ ಹೇಳಿಕೊಳ್ಳುವ ಭಾಷೆ ಅದು. ಆದರೆ ಅಂಕಿಯನ್ನು ಕಂಡ ಮಾತ್ರಕ್ಕೆ ದೋಷವನ್ನು ಕಂಡಂತಾಗುವುದಿಲ್ಲ. ನಾಡಿ ಹಿಡಿಯುವುದು ಬೇರೆ, ರೋಗವನ್ನು ಅರಿಯುವುದು ಬೇರೆ.

ಈ ಎಂಜಿನ್ನಿನ ಜನಕನಾದ ರುಡಾಲ್ಫ್ ಡೀಸೆಲ್ಲನು ತನ್ನ ಬಾಳಿನ ಉತ್ತಮ ವರ್ಷಗಳನ್ನೆಲ್ಲ ಕಳೆದದ್ದು ಇಂಥದೇ ಕಾಯಕದಲ್ಲಿ. ಯಂತ್ರವು ಬರೆದುಕೊಟ್ಟ ಗುರುತನ್ನು ಓದಿ, ಅದರ ಹಿಂದಿನ ಕಾರಣವನ್ನು ಹುಡುಕುವುದರಲ್ಲಿ ಅವನಿಗೆ ಸಮಾನರು ವಿರಳ. ಆದರೂ ಅವನ ಸ್ವಂತ ಜೀವನದಲ್ಲಿ ಬೆಳಗಿದ ಕೆಂಪು ದೀಪಗಳನ್ನು ಅವನೂ ಓದಲಿಲ್ಲ, ಅವನ ಆಪ್ತರೂ ಓದಲಿಲ್ಲ. ಅವನ ಕಥೆಯ ದುಃಖವೆಲ್ಲ ಇದರಲ್ಲಿಯೇ ಅಡಗಿದೆ.

*

ಡೀಸೆಲ್ಲನು ಹುಟ್ಟಿದ್ದು ೧೮೫೮ನೆಯ ಇಸವಿ ಮಾರ್ಚ್ ೧೮ರಂದು, ಪ್ಯಾರಿಸಿನಲ್ಲಿ. ತಂದೆ ಥಿಯೊಡೋರ್ ಡೀಸೆಲ್ ಬವೇರಿಯದ ಆಗ್ಸ್‌ಬರ್ಗ್ ಪಟ್ಟಣದಿಂದ ಹೊಟ್ಟೆಪಾಡಿಗಾಗಿ ಬಂದು ನೆಲಸಿದವನು. ಪುಸ್ತಕಗಳಿಗೆ ಹೊದಿಕೆ ಕಟ್ಟುವುದು ಅವನ ಕುಲಕಸುಬು. ಪ್ಯಾರಿಸಿನಲ್ಲಿ ಅವನು ಚರ್ಮದ ಸಾಮಾನುಗಳನ್ನು ತಯಾರಿಸಿ ಮಾರುತ್ತಿದ್ದನು. ತಾಯಿ ಎಲಿಸ್ ನ್ಯೂರೆಂಬರ್ಗಿನವಳು. ಮೂವರು ಮಕ್ಕಳಲ್ಲಿ ರುಡಾಲ್ಫನು ನಡುವಿನವನು. ತಂದೆಯ ಕಾರ್ಯಾಗಾರದಲ್ಲಿ ಸಿದ್ಧವಾದ ಸಾಮಾನನ್ನು ಕೈಗಾಡಿಯಲ್ಲಿ ಹೇರಿಕೊಂಡು ಗಿರಾಕಿಗಳ ಮನೆಗೆ ಮುಟ್ಟಿಸುವುದು ಅವನ ಪಾಲಿನ ಕೆಲಸವಾಗಿತ್ತು. ಬಿಡುವು ಸಿಕ್ಕಿದಾಗ ಹುಡುಗನು ಓಡುತ್ತಿದ್ದದ್ದು ಪ್ಯಾರಿಸಿನ ಯಂತ್ರಸಂಗ್ರಹಾಲಯಕ್ಕೆ. ಹಬೆಯ ಬಲದಿಂದ ನಡೆಯುವಂತೆ ಹದಿನೆಂಟನೆಯ ಶತಮಾನದಲ್ಲಿ ಕ್ಯುನೊ ಎಂಬಾತನು ನಿರ್ಮಿಸಿದ ಭಾರದ ಬಂಡಿ ಅಲ್ಲಿ ಇಂದಿಗೂ ಇದೆ. ರುಡಾಲ್ಫನು ಅದರ ಮುಂದೆ ಕುಳಿತು ಚಿತ್ರ ಬರೆದುಕೊಳ್ಳುತ್ತಿದ್ದನೆಂದು ಅವನ ಚರಿತ್ರಕಾರರು ಹೇಳುತ್ತಾರೆ.

ಅವನಿಗೆ ಹನ್ನೆರಡು ವರ್ಷ ತುಂಬಿದ ೧೮೭೦ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹೊತ್ತಿಕೊಂಡಿತು. ಆ ವರ್ಷವೇ ಶಾಲೆಯಲ್ಲಿ ಅವನಿಗೆ ಪದಕ ಬಂದಿತ್ತು. ಆದರೆ ಜರ್ಮನ್ ಮೂಲದವರಿಗೆ ಪ್ಯಾರಿಸಿನಲ್ಲಿ ಇನ್ನು ಎಡೆಯಿರಲಿಲ್ಲ. ಮನೆ, ಕಾರ್ಯಾಗಾರ, ಗಿರಾಕಿಗಳು ಎಲ್ಲವನ್ನೂ ಬಿಟ್ಟು ಸಂಸಾರವು ಲಂಡನ್ನಿಗೆ ಓಡಿತು. ಅಲ್ಲಿ ಎಲ್ಲರಿಗೂ ಸಾಕಾಗುವಷ್ಟು ಗಳಿಕೆಯಿಲ್ಲ. ಕೊನೆಗೆ ಮಗನನ್ನಾದರೂ ದಡ ಸೇರಿಸೋಣವೆಂದು ಅವನೊಬ್ಬನನ್ನೇ ಆಗ್ಸ್‌ಬರ್ಗಿನ ಬಂಧುಗಳ ಮನೆಗೆ ಕಳುಹಿಸಿದರು. ಯುದ್ಧಕಾಲದ ಅಸ್ತವ್ಯಸ್ತ ಮಾರ್ಗದಲ್ಲಿ, ಇಂಗ್ಲೆಂಡಿಗೂ ಯೂರೋಪಿನ ನೆಲಕ್ಕೂ ನಡುವಣ ನೀರನ್ನು ದಾಟಿ, ಹನ್ನೆರಡರ ಬಾಲಕನು ಒಂಟಿಯಾಗಿ ಪಯಣ ಮಾಡಿದನು. ಆ ನೀರನ್ನು ಅವನು ಕಟ್ಟಕಡೆಯ ಬಾರಿ ದಾಟಹೊರಟದ್ದು ನಲವತ್ತಮೂರು ವರ್ಷಗಳ ತರುವಾಯ.

ಆಗ್ಸ್‌ಬರ್ಗಿನಲ್ಲಿ ಆಶ್ರಯ ಕೊಟ್ಟ ಬಾರ್ನಿಕೆಲ್ ಗಣಿತದ ಅಧ್ಯಾಪಕನು. ಅವನ ಮನೆಯ ಶಿಸ್ತು, ಶಾಂತಿ, ಪುಸ್ತಕಗಳು ಹುಡುಗನಿಗೆ ಒಗ್ಗಿದವು. ತಾನು ಎಂಜಿನಿಯರನಾಗಬೇಕೆಂದು ಹದಿನಾಲ್ಕನೆಯ ವಯಸ್ಸಿನಲ್ಲಿಯೇ ತಂದೆತಾಯಿಗಳಿಗೆ ಬರೆದು ತಿಳಿಸಿದನು. ತರಗತಿಯಲ್ಲಿ ಯಾವಾಗಲೂ ಮೊದಲನೆಯ ಸ್ಥಾನ. ೧೮೭೫ರಲ್ಲಿ ಮ್ಯೂನಿಕ್ಕಿನ ತಾಂತ್ರಿಕ ವಿದ್ಯಾಲಯವು ವಿದ್ಯಾರ್ಥಿವೇತನವನ್ನು ನೀಡಿತು. ಮಗನು ಬೇಗ ದುಡಿಯಲಿ ಎಂಬುದು ಹೆತ್ತವರ ಆಸೆಯಾಗಿತ್ತು. ಅದನ್ನು ಮೀರಿ ಅವನು ಓದನ್ನು ಆರಿಸಿಕೊಂಡನು.

*

ಮ್ಯೂನಿಕ್ಕಿನಲ್ಲಿ ಅವನಿಗೆ ದೊರೆತ ಗುರು ಕಾರ್ಲ್ ಲಿಂಡೆ. ಕೃತಕವಾಗಿ ಮಂಜುಗಡ್ಡೆ ತಯಾರಿಸುವ ಯಂತ್ರಗಳನ್ನು ಬಳಕೆಗೆ ತಂದ ಮಹಾಪುರುಷನು ಆತ. ಉಷ್ಣಗತಿವಿಜ್ಞಾನದ ಪಾಠದಲ್ಲಿ ಲಿಂಡೆಯು ಒಂದು ಸಂಗತಿಯನ್ನು ವಿದ್ಯಾರ್ಥಿಗಳ ಮುಂದಿಟ್ಟನು. ಜಗತ್ತನ್ನೇ ಬದಲಿಸಿದ ಹಬೆಯ ಯಂತ್ರವು ಕಲ್ಲಿದ್ದಲಿನಲ್ಲಿರುವ ಶಾಖದ ನೂರರಲ್ಲಿ ಹತ್ತು ಪಾಲನ್ನು ಕೂಡ ಕೆಲಸವನ್ನಾಗಿ ಮಾರ್ಪಡಿಸುವುದಿಲ್ಲ. ಉಳಿದುದೆಲ್ಲ ಹೊಗೆಗೊಳವೆಯಲ್ಲಿಯೂ ತಂಪುನೀರಿನಲ್ಲಿಯೂ ವ್ಯರ್ಥವಾಗುತ್ತದೆ. ಫ್ರಾನ್ಸಿನ ಸಾದಿ ಕಾರ್ನೊ ಎಂಬ ಯುವಕನು ೧೮೨೪ರಲ್ಲಿಯೇ ಆದರ್ಶ ಉಷ್ಣಯಂತ್ರವೊಂದರ ತತ್ತ್ವವನ್ನು ವಿವರಿಸಿದ್ದನು. ಆ ತತ್ತ್ವಕ್ಕೂ ಹಬೆಯ ಯಂತ್ರಕ್ಕೂ ನಡುವೆ ಅಷ್ಟು ದೊಡ್ಡ ಕಂದರವೇಕೆ? ಇಪ್ಪತ್ತರ ತರುಣನಾಗಿದ್ದ ಡೀಸೆಲ್ಲನು ಟಿಪ್ಪಣಿಯ ಪುಸ್ತಕದ ಅಂಚಿನಲ್ಲಿ ಈ ಪ್ರಶ್ನೆಯನ್ನು ಗುರುತಿಸಿಟ್ಟುಕೊಂಡನು. ಮುಂದೆ ಹದಿನೈದು ವರ್ಷ ಅದು ಅವನನ್ನು ಬಿಡಲಿಲ್ಲ.

೧೮೭೯ರಲ್ಲಿ ಕೊನೆಯ ಪರೀಕ್ಷೆಯ ಹೊತ್ತಿಗೆ ವಿಷಮಶೀತಜ್ವರ ಬಡಿಯಿತು. ಮುಂದಿನ ಪರೀಕ್ಷೆಗೆ ಕಾಯುವ ಕಾಲವನ್ನು ಅವನು ಸ್ವಿಟ್ಜರ್ಲೆಂಡಿನ ವಿಂಟರ್‌ಥರಿನಲ್ಲಿ ಸುಲ್ಜರ್ ಸೋದರರ ಯಂತ್ರಾಗಾರದಲ್ಲಿ ಕಳೆದನು. ಕೈಗೆ ಮಸಿ ಹತ್ತಿಸಿಕೊಂಡು ಕಲಿತ ಆ ವಿದ್ಯೆ ಮುಂದೆ ಬಹಳ ಉಪಕಾರಕ್ಕೆ ಬಂದಿತು. ೧೮೮೦ರ ಜನವರಿಯಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ತೇರ್ಗಡೆಯಾಗಿ, ಗುರುವಿನ ಮಂಜುಗಡ್ಡೆಯ ಕಾರಖಾನೆಯನ್ನು ಸ್ಥಾಪಿಸಲು ಪ್ಯಾರಿಸಿಗೆ ಹೋದನು. ವರ್ಷ ಕಳೆಯುವುದರೊಳಗೆ ಅದರ ನಿರ್ದೇಶಕನಾದನು. ೧೮೮೩ರಲ್ಲಿ ಮಾರ್ತಾ ಫ್ಲಾಷೆಯನ್ನು ಮದುವೆಯಾದನು. ರುಡಾಲ್ಫ್, ಹೆಡ್ಡಿ, ಯೂಜೆನ್ ಎಂಬ ಮೂವರು ಮಕ್ಕಳಾದರು. ಹಗಲೆಲ್ಲ ಶೀತವನ್ನು ಉತ್ಪಾದಿಸುವ ಉದ್ಯೋಗ, ಇರುಳಿನಲ್ಲಿ ಶಾಖದ ಚಿಂತೆ. ಹಬೆಗೆ ಬದಲಾಗಿ ಅಮೋನಿಯವನ್ನು ಬಳಸುವ ಎಂಜಿನ್ನಿಗಾಗಿ ಹಲವು ವರ್ಷ ಹೆಣಗಿದನು, ಅದು ಕೈಗೂಡಲಿಲ್ಲ. ಆ ಸೋಲಿನಿಂದಲೇ ಹೊಸ ದಾರಿಯೊಂದು ಕಂಡಿತು. ಅಮೋನಿಯವೇಕೆ, ನಾವು ಉಸಿರಾಡುವ ಗಾಳಿಯೇ ಸಾಲದೆ?

ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಪಂಪಿನ ಬುಡ ಬಿಸಿಯಾಗುವುದು ಗೊತ್ತು. ಗಾಳಿಯನ್ನು ಅದುಮಿದರೆ ಅದು ಕಾಯುತ್ತದೆ. ಬಲವಾಗಿ ಅದುಮಿದರೆ ಇಂಧನವು ತಾನಾಗಿ ಉರಿದೇಳುವಷ್ಟು ಕಾಯುತ್ತದೆ. ಮಲಯ ದೇಶದ ಜನರು ಇದೇ ಉಪಾಯದಿಂದ, ಕೊಳವೆಯೊಳಗೆ ಕೊರಡನ್ನು ಥಟ್ಟನೆ ಒತ್ತಿ ಬೆಂಕಿ ಹೊತ್ತಿಸುತ್ತಿದ್ದರು. ಅಂಥ ಉಪಕರಣವೊಂದನ್ನು ಡೀಸೆಲ್ಲನು ವಿದ್ಯಾರ್ಥಿದೆಸೆಯಲ್ಲಿ ನೋಡಿದ್ದನೆಂದು ಹೇಳುವುದುಂಟು. ಸಿಲಿಂಡರಿನೊಳಗೆ ಬರಿಯ ಗಾಳಿಯನ್ನು ತೆಗೆದುಕೊಂಡು, ಪಿಸ್ಟನ್ನಿನಿಂದ ಅದನ್ನು ತೀವ್ರವಾಗಿ ಅದುಮಿ, ಕೆಂಡದಂತೆ ಕಾದ ಆ ಗಾಳಿಗೆ ಇಂಧನವನ್ನು ಹೊಗಿಸಿದರೆ ಕಿಡಿಯೂ ಬೇಡ, ಜ್ವಾಲೆಯೂ ಬೇಡ. ೧೮೯೦ರಲ್ಲಿ ಬರ್ಲಿನ್ನಿಗೆ ಬಂದ ಮೇಲೆ ಅವನು ಈ ವಿಚಾರಕ್ಕೆ ರೂಪ ಕೊಟ್ಟು, ೧೮೯೨ರ ಫೆಬ್ರವರಿಯಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದನು. ಮರುವರ್ಷ ಪೇಟೆಂಟೂ ದೊರೆಯಿತು, ತತ್ತ್ವವನ್ನು ವಿವರಿಸುವ ಗ್ರಂಥವೂ ಅಚ್ಚಾಯಿತು. ಆಗ್ಸ್‌ಬರ್ಗಿನ ಯಂತ್ರಕಾರಖಾನೆಯ ನಿರ್ದೇಶಕ ಹೈನ್ರಿಕ್ ಬುಟ್ಸನೂ, ಉಕ್ಕಿನ ಒಡೆಯರಾದ ಕ್ರುಪ್ ಮನೆತನದವರೂ ಪ್ರಯೋಗಗಳ ವೆಚ್ಚಕ್ಕೆ ಒಪ್ಪಿದರು.

*

ಡೀಸೆಲ್ಲನ ನಿಜವಾದ ದೊಡ್ಡತನ ಕಾಣುವುದು ಮುಂದಿನ ನಾಲ್ಕು ವರ್ಷಗಳಲ್ಲಿ. ಪೇಟೆಂಟನ್ನು ಬರೆಯುವುದು ಒಂದು ಸಾಹಸವಾದರೆ, ಬರೆದುದು ತಪ್ಪೆಂದು ಯಂತ್ರವು ಹೇಳಿದಾಗ ಕೇಳಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ಸಾಹಸ.

ಅಂದಿನ ಎಂಜಿನಿಯರುಗಳ ಬಳಿ ಇಂಡಿಕೇಟರ್ ಎಂಬ ಸಣ್ಣ ಉಪಕರಣವಿತ್ತು. ಜೇಮ್ಸ್ ವಾಟನ ಕಾಲದಿಂದಲೂ ಬಳಕೆಯಲ್ಲಿದ್ದುದು ಅದು. ಎಂಜಿನ್ನಿನ ಸಿಲಿಂಡರಿಗೆ ಅದನ್ನು ಜೋಡಿಸಿದರೆ, ಒಳಗಣ ಒತ್ತಡ ಏರಿಳಿದಂತೆ ಒಂದು ಪೆನ್ಸಿಲು ಸುತ್ತುವ ಕಾಗದದ ಮೇಲೆ ಗೆರೆಯೆಳೆಯುತ್ತದೆ. ಮುಚ್ಚಿದ ಉಕ್ಕಿನ ಗೋಡೆಯ ಹಿಂದೆ ಏನು ನಡೆಯುತ್ತಿದೆ ಎಂಬುದಕ್ಕೆ ಆ ಗೆರೆಯೊಂದೇ ಸಾಕ್ಷಿ. ಬಲ್ಲವನು ಅದರ ವಕ್ರತೆಯನ್ನು ನೋಡಿ ಇಂಧನವು ಬೇಗ ಹೊತ್ತಿತೋ ತಡವಾಗಿ ಹೊತ್ತಿತೋ, ಕವಾಟ ಸೋರುತ್ತಿದೆಯೋ ಎಂಬುದನ್ನು ತಿಳಿಯಬಲ್ಲನು. ಇಂದಿನ ಲಾರಿಯ ಎಂಜಿನ್ನಿನಲ್ಲಿ ಒತ್ತಡವನ್ನೂ ಶಾಖವನ್ನೂ ಅಳೆದು ವರದಿ ಮಾಡುವ ಸೆನ್ಸರುಗಳ ಪೂರ್ವಜನು ಈ ಇಂಡಿಕೇಟರ್ ಎಂದರೆ ತಪ್ಪಾಗಲಾರದು.

೧೮೯೩ನೆಯ ಆಗಸ್ಟ್ ೧೦ರಂದು ಮೊದಲನೆಯ ಪರೀಕ್ಷೆ ನಡೆಯಿತು. ಎಂಜಿನ್ನು ತಾನಾಗಿ ನಡೆಯುವ ಸ್ಥಿತಿಯಲ್ಲಿರಲಿಲ್ಲ. ಕಾರಖಾನೆಯ ಬೆಲ್ಟಿನಿಂದ ಅದನ್ನು ತಿರುಗಿಸಿ ಪೆಟ್ರೋಲನ್ನು ಒಳಕ್ಕೆ ಹೊಗಿಸಿದರು. ಒಡನೆಯೇ ಭಯಂಕರವಾದ ಸ್ಫೋಟವಾಗಿ ಇಂಡಿಕೇಟರು ಚೂರುಚೂರಾಗಿ ಸಿಡಿಯಿತು. ಹತ್ತಿರದಲ್ಲಿ ನಿಂತಿದ್ದವರು ಕೂದಲೆಳೆಯಷ್ಟರಲ್ಲಿ ಉಳಿದುಕೊಂಡರು. ಬೇರೆಯವರಾಗಿದ್ದರೆ ಇದು ಆಗದ ಕೆಲಸವೆಂದು ಕೈಚೆಲ್ಲುತ್ತಿದ್ದರೇನೋ! ಡೀಸೆಲ್ಲನಿಗೆ ಅದರಲ್ಲಿ ಬೇರೊಂದು ಅರ್ಥ ಕಂಡಿತು. ಅದುಮಿದ ಗಾಳಿಯ ಶಾಖವೊಂದರಿಂದಲೇ ಇಂಧನ ಹೊತ್ತಿತಲ್ಲ. ತಾನು ಸಿದ್ಧಪಡಿಸಬೇಕಾಗಿದ್ದ ಮೂಲತತ್ತ್ವ ಸಿದ್ಧವಾದಂತೆಯೇ ಆಯಿತು. ದೋಷದ ಸದ್ದಿನೊಳಗೆ ಗೆಲವಿನ ಸುದ್ದಿಯನ್ನು ಕೇಳಿದ ಕಿವಿ ಅದು.

ಆದರೆ ಸಿದ್ಧಾಂತದಲ್ಲಿಯೇ ಒಂದು ದೋಷವಿತ್ತು. ಗಾಳಿಯನ್ನು ೨೫೦ ವಾಯುಭಾರದಷ್ಟು ಅದುಮಬೇಕೆಂದೂ, ಇಂಧನವು ಉರಿಯುವಾಗ ಸಿಲಿಂಡರಿನೊಳಗಿನ ಉಷ್ಣತೆ ಮತ್ತೆ ಏರಬಾರದೆಂದೂ ಅವನು ಗ್ರಂಥದಲ್ಲಿ ಬರೆದಿದ್ದನು. ಕಾರ್ನೊವಿನ ಆದರ್ಶಕ್ಕೆ ಆದಷ್ಟು ಸಮೀಪವಾಗಬೇಕೆಂಬುದು ಉದ್ದೇಶ. ಹಾಗೆ ಮಾಡಿದರೆ ಯಂತ್ರವು ಗಳಿಸಿದ ಶಕ್ತಿಯೆಲ್ಲ ಅದರ ಘರ್ಷಣೆಗೇ ವೆಚ್ಚವಾಗಿ, ಹೊರಗೆ ದುಡಿಯಲು ಏನೂ ಉಳಿಯುವುದಿಲ್ಲ. ಇದು ಅವನಿಗೆ ಬೇಗನೆ ಅರಿವಾಯಿತು. ಅದುಮುವ ಒತ್ತಡವನ್ನು ಬಹುಪಾಲು ತಗ್ಗಿಸಿ, ಉರಿಯುವ ಕ್ರಮವನ್ನೂ ಬದಲಾಯಿಸಿ, ೧೮೯೩ರ ಕೊನೆಗೆ ಎರಡನೆಯ ಪೇಟೆಂಟಿಗೆ ಅರ್ಜಿ ಹಾಕಿದನು. ತಿದ್ದಿಕೊಂಡದ್ದು ಅವನ ಹಿರಿಮೆ. ಆದರೆ ಹಿಂದೆ ಬರೆದುದು ತಪ್ಪಾಗಿತ್ತೆಂದು ಬಹಿರಂಗವಾಗಿ ಸಾರುವ ಧೈರ್ಯ ಮಾತ್ರ ಅವನಿಗೆ ಬರಲಿಲ್ಲ. ಮುಂದೆ ವೈರಿಗಳ ಕೈಗೆ ಇದೇ ಆಯುಧವಾಯಿತು.

೧೮೯೪ನೆಯ ಫೆಬ್ರವರಿ ೧೭ರಂದು ಎಂದಿನಂತೆ ಬೆಲ್ಟಿನಿಂದ ಎಂಜಿನ್ನನ್ನು ತಿರುಗಿಸುತ್ತಿದ್ದರು. ಬೆಲ್ಟು ಎಂಜಿನ್ನನ್ನು ಎಳೆಯುವುದನ್ನು ಬಿಟ್ಟು ಎಂಜಿನ್ನೇ ಬೆಲ್ಟನ್ನು ಎಳೆಯುತ್ತಿರುವುದನ್ನು ಮೊದಲು ಕಂಡವನು ಒಬ್ಬ ಕೆಲಸಗಾರನಂತೆ. ಅವನು ಮಾತನಾಡದೆ ತಲೆಯ ಮೇಲಿನ ಟೋಪಿಯನ್ನು ತೆಗೆದು ನಿಂತನೆಂದೂ, ಡೀಸೆಲ್ಲನು ಮೌನವಾಗಿ ಅವನ ಕೈಹಿಡಿದನೆಂದೂ ಕಥೆಯಿದೆ. ಎಂಜಿನ್ನು ಸ್ವಂತ ಬಲದಿಂದ ನಡೆದದ್ದು ಒಂದೇ ಒಂದು ನಿಮಿಷ, ೮೮ ಸುತ್ತು. ಅದರ ಮುಂದೆ ಮತ್ತೆ ಮೂರು ವರ್ಷಗಳ ದುಡಿತ. ಇಂಧನವನ್ನು ಹೊಗಿಸುವ ಬಗೆ, ಕವಾಟದ ಆಕಾರ, ಪಿಸ್ಟನ್ನಿನ ಬಿಗಿತ ಒಂದೊಂದನ್ನೂ ಕೆಡಿಸಿ, ಕಟ್ಟಿ, ಗೆರೆಯನ್ನು ಓದಿ, ಮತ್ತೆ ಕೆಡಿಸಿದರು. ಒಂದು ಬಾರಿಗೆ ಒಂದನ್ನೇ ಬದಲಿಸಬೇಕು, ಬದಲಿಸಿದುದರ ಫಲವನ್ನು ಅಳೆಯಬೇಕು ಎಂಬ ತಾಳ್ಮೆಯ ಮಾರ್ಗ ಅದು.

೧೮೯೭ನೆಯ ಫೆಬ್ರವರಿ ೧೭ರಂದು, ಅಂದರೆ ಮೊದಲ ಓಟದಿಂದ ಸರಿಯಾಗಿ ಮೂರು ವರ್ಷಕ್ಕೆ, ಮ್ಯೂನಿಕ್ಕಿನ ಪ್ರಾಧ್ಯಾಪಕ ಮೋರಿಟ್ಸ್ ಶ್ರೋಟರನು ಬಂದು ಅಧಿಕೃತವಾಗಿ ಪರೀಕ್ಷಿಸಿದನು. ಸುಮಾರು ೨೦ ಅಶ್ವಶಕ್ತಿಯ ಆ ಎಂಜಿನ್ನು ಇಂಧನದ ಶಾಖದಲ್ಲಿ ನೂರಕ್ಕೆ ೨೬.೨ರಷ್ಟನ್ನು ಕೆಲಸವನ್ನಾಗಿ ಮಾಡುತ್ತಿತ್ತು. ಹಬೆಯ ಯಂತ್ರದ ಯುಗಕ್ಕೆ ಅಂದೇ ಮುಕ್ತಾಯ ಬರೆದಂತಾಯಿತು.

*

ಕೀರ್ತಿಯೂ ಹಣವೂ ಒಟ್ಟಿಗೆ ಬಂದವು. ಅಮೆರಿಕದ ಮದ್ಯೋದ್ಯಮಿ ಅಡಾಲ್ಫಸ್ ಬುಷ್, ರಷ್ಯದ ಇಮಾನುಯೆಲ್ ನೊಬೆಲ್ ಮೊದಲಾದವರು ಎಂಜಿನ್ನನ್ನು ತಯಾರಿಸುವ ಹಕ್ಕನ್ನು ಕೊಂಡರು. ೧೮೯೮ರಲ್ಲಿ ಸ್ಥಾಪನೆಯಾದ ಒಂದು ಕಂಪನಿ ಅವನ ಹಕ್ಕುಗಳಿಗಾಗಿ ೩೫ ಲಕ್ಷ ಮಾರ್ಕುಗಳನ್ನು ಗೊತ್ತುಮಾಡಿತು. ಕೈಗಾಡಿಯನ್ನು ನೂಕುತ್ತಿದ್ದ ಹುಡುಗನು ನಲವತ್ತನೆಯ ವಯಸ್ಸಿನಲ್ಲಿ ಲಕ್ಷಾಧೀಶನಾದನು.

ಆದರೆ ಪ್ರಯೋಗಶಾಲೆಯಲ್ಲಿ ಓಡಿದ ಎಂಜಿನ್ನು ಗಿರಾಕಿಯ ಅಂಗಳದಲ್ಲಿ ಓಡಬೇಕೆಂಬ ನಿಯಮವಿಲ್ಲ. ೧೮೯೮ರಲ್ಲಿ ಕೆಂಪ್ಟನ್ ಎಂಬ ಊರಿನ ಬೆಂಕಿಕಡ್ಡಿಯ ಕಾರಖಾನೆಗೆ ೬೦ ಅಶ್ವಶಕ್ತಿಯ ಎಂಜಿನ್ನೊಂದು ಹೋಯಿತು. ಬೆಂಕಿಯ ಕಡ್ಡಿಯ ಹಂಗಿಲ್ಲದೆ ಉರಿಯುವ ಯಂತ್ರ ಬೆಂಕಿಕಡ್ಡಿಯ ಕಾರಖಾನೆಗೇ ಮೊದಲು ಹೋದದ್ದು ವಿಧಿಯ ವಿನೋದ. ಅದು ಮೇಲಿಂದ ಮೇಲೆ ಕೆಟ್ಟು ನಿಲ್ಲುತ್ತಿತ್ತು. ಎಂಜಿನ್ನುಗಳನ್ನು ತಯಾರಿಸಲೆಂದು ಆಗ್ಸ್‌ಬರ್ಗಿನಲ್ಲಿ ಹೊಸದಾಗಿ ತೆರೆದ ಕಾರಖಾನೆಯ ಸರಕಿನ ಬಗ್ಗೆಯೂ ದೂರುಗಳು ಸಾಲುಗಟ್ಟಿದವು. ಇಮಾನುಯೆಲ್ ಲೌಸ್ಟರನಂಥ ನಿಷ್ಠಾವಂತ ಎಂಜಿನಿಯರುಗಳು ದೋಷಗಳನ್ನು ಒಂದೊಂದಾಗಿ ಹುಡುಕಿ ನೀಗಿದರು. ಹಲವು ವರ್ಷಗಳ ಮೇಲೆ ಎಂಜಿನ್ನು ನೆಚ್ಚಿಗೆಗೆ ಅರ್ಹವಾಯಿತು.

ಈ ದಿನಗಳಲ್ಲಿಯೇ ಡೀಸೆಲ್ಲನ ದೇಹವೂ ಎಚ್ಚರಿಕೆ ಕೊಟ್ಟಿತು. ತಲೆನೋವು, ನಿದ್ರಾನಾಶ, ದಣಿವು. ೧೮೯೮ರಲ್ಲಿ ಅವನು ಮ್ಯೂನಿಕ್ಕಿನ ಚಿಕಿತ್ಸಾಲಯವೊಂದರಲ್ಲಿ ವಿಶ್ರಾಂತಿಗೆ ಮಲಗಬೇಕಾಯಿತು. ಚೇತರಿಸಿಕೊಂಡು ಬಂದನು, ಆದರೆ ದಣಿವಿನ ಮೂಲವನ್ನು ಯಾರೂ ಮುಟ್ಟಲಿಲ್ಲ. ಎಂಜಿನ್ನಿನ ಒಂದು ಕವಾಟವನ್ನೂ ಅಳೆಯದೆ ಬಿಡದ ಮನುಷ್ಯನು ಹಣದ ವಿಷಯದಲ್ಲಿ ಅಳತೆಯನ್ನೇ ಮರೆತನು. ನಿವೇಶನಗಳ ವ್ಯಾಪಾರದಲ್ಲಿಯೂ ಎಣ್ಣೆಯ ಬಾವಿಗಳಲ್ಲಿಯೂ ತೊಡಗಿಸಿದ ಹಣ ಮುಳುಗಿತು. ಮ್ಯೂನಿಕ್ಕಿನಲ್ಲಿ ಅರಮನೆಯಂಥ ಮನೆ ಎದ್ದಿತು. ಹೊರಗೆ ವೈಭವ, ಒಳಗೆ ಸೋರುವ ಪಾತ್ರೆ.

ಅವನ ಮನಸ್ಸು ಬರಿಯ ಲಾಭದ ಕಡೆಗೆ ತಿರುಗಿದ್ದುದಲ್ಲ ಎಂಬುದನ್ನೂ ಹೇಳಬೇಕು. ಬಂಡವಾಳವಿಲ್ಲದ ಸಣ್ಣ ಕುಶಲಕರ್ಮಿಗೆ, ತನ್ನ ತಂದೆಯಂಥವನಿಗೆ, ಅಗ್ಗದ ಶಕ್ತಿಯನ್ನು ಒದಗಿಸಬೇಕೆಂಬುದು ಅವನ ಮೊದಲಿನ ಕನಸಾಗಿತ್ತು. ೧೯೦೩ರಲ್ಲಿ ದುಡಿಯುವವರೇ ಕೂಡಿ ಒಡೆಯರಾಗುವ ಸಮಾಜವೊಂದನ್ನು ಕಲ್ಪಿಸಿ ಗ್ರಂಥ ಬರೆದನು. ಕೊಂಡು ಓದಿದವರು ಕಡಿಮೆ. ೧೯೦೦ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಫ್ರೆಂಚ್ ಸರ್ಕಾರದ ಕೋರಿಕೆಯ ಮೇರೆಗೆ ಒಂದು ಕಂಪನಿಯು ಸಣ್ಣ ಡೀಸೆಲ್ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಿ ತೋರಿಸಿತ್ತು. ಸಸ್ಯಗಳ ಎಣ್ಣೆ ಮುಂದೊಂದು ದಿನ ಮುಖ್ಯವಾಗಬಹುದೆಂಬ ನಂಬಿಕೆಯನ್ನು ೧೯೧೨ರಲ್ಲಿ ಡೀಸೆಲ್ಲನು ವ್ಯಕ್ತಪಡಿಸಿದನು. ನಮ್ಮ ನಾಡಿನಲ್ಲಿ ಹೊಂಗೆಯ ಎಣ್ಣೆಯಿಂದ ಎಂಜಿನ್ನು ನಡೆಸುವ ಪ್ರಯತ್ನಗಳು ನಡೆದಾಗ ಈ ಹಳೆಯ ಮಾತು ಹಲವರಿಗೆ ನೆನಪಾದದ್ದು ಸಹಜ.

ಅದೇ ೧೯೧೨ರಲ್ಲಿ ಸೆಲಾಂಡಿಯ ಎಂಬ ಡೆನ್ಮಾರ್ಕಿನ ಹಡಗು ಡೀಸೆಲ್ ಎಂಜಿನ್ನುಗಳ ಬಲದಿಂದ ಕೋಪನ್‌ಹೇಗನ್ನಿನಿಂದ ಬ್ಯಾಂಕಾಕಿನತ್ತ ಹೊರಟು ಲೋಕವನ್ನು ಬೆರಗುಗೊಳಿಸಿತು. ನೆಲದ ಬಂಡಿಗೆ ಮಾತ್ರ ಎಂಜಿನ್ನು ಇನ್ನೂ ಒಗ್ಗಿರಲಿಲ್ಲ. ಇಂಧನವನ್ನು ಒಳಕ್ಕೆ ಊದಲು ಪ್ರತ್ಯೇಕವಾದ ಗಾಳಿಯ ಸಂಕೋಚಕ ಬೇಕಾಗಿತ್ತು. ಅದರ ತೂಕವನ್ನು ಯಾವ ಲಾರಿಯೂ ಹೊರಲಾರದು. ೧೯೦೮ರ ಸುಮಾರಿನಲ್ಲಿ ಡೀಸೆಲ್ಲನು ಲಾರಿಗೆ ಸರಿಹೋಗುವ ಸಣ್ಣ ಎಂಜಿನ್ನಿಗಾಗಿ ಪ್ರಯತ್ನಿಸಿ ಸೋತಿದ್ದನು.

೧೯೧೨ರ ನವೆಂಬರಿನಲ್ಲಿ ಬರ್ಲಿನ್ನಿನ ವಿದ್ವತ್ಸಭೆಯ ಮುಂದೆ ತನ್ನ ಎಂಜಿನ್ನು ಹುಟ್ಟಿದ ಬಗೆಯನ್ನು ವಿವರಿಸಿದಾಗ ಸಭೆಯಲ್ಲಿ ಕಟುವಾದ ಟೀಕೆಗಳೆದ್ದವು. ಪೇಟೆಂಟಿನಲ್ಲಿ ಬರೆದದ್ದು ಒಂದು, ಕಟ್ಟಿದ್ದು ಇನ್ನೊಂದು. ಹಾಗಿರುವಾಗ ಇವನು ಕಂಡುಹಿಡಿದದ್ದಾದರೂ ಏನು ಎಂಬುದು ಎದುರಾಳಿಗಳ ವಾದ. ೧೯೧೩ರಲ್ಲಿ ಡೀಸೆಲ್ಲನ ಕೀರ್ತಿಯೆಲ್ಲ ಕಟ್ಟುಕಥೆಯೆಂದು ಸಾಧಿಸುವ ಗ್ರಂಥವೂ ಹೊರಟಿತು. ಇಪ್ಪತ್ತು ವರ್ಷಗಳ ಹಿಂದೆ ಮೌನವಾಗಿ ತಿದ್ದಿಕೊಂಡ ತಪ್ಪು ಈಗ ಬಡ್ಡಿಸಹಿತ ಹಿಂದಿರುಗಿತ್ತು.

*

೧೯೧೩ನೆಯ ಸೆಪ್ಟೆಂಬರ್ ೨೯ರ ಸಂಜೆ ಡೀಸೆಲ್ಲನು ಆಂಟ್‌ವರ್ಪಿನಲ್ಲಿ ಡ್ರೆಸ್ಡೆನ್ ಎಂಬ ಹಡಗನ್ನು ಹತ್ತಿದನು. ಇಂಗ್ಲೆಂಡಿನ ಹಾರ್ವಿಚ್ ಬಂದರಿಗೆ ಹೊರಟ ಹಡಗು ಅದು. ಜೊತೆಯಲ್ಲಿ ಬೆಲ್ಜಿಯಮ್ಮಿನ ಎಂಜಿನ್ ತಯಾರಕ ಕಾರೆಲ್ಸನೂ ಇನ್ನೊಬ್ಬ ಎಂಜಿನಿಯರನೂ ಇದ್ದರು. ಮೂವರೂ ಕುಳಿತು ಊಟ ಮಾಡಿದರು, ಮಾತನಾಡಿದರು. ಹತ್ತು ಗಂಟೆಯ ಹೊತ್ತಿಗೆ ಡೀಸೆಲ್ಲನು ಬೆಳಗ್ಗೆ ಆರೂಕಾಲಿಗೆ ತನ್ನನ್ನು ಎಬ್ಬಿಸಬೇಕೆಂದು ಹೇಳಿಟ್ಟು ಕೋಣೆಗೆ ಹೋದನು. ಬೆಳಗಾದಾಗ ಕೋಣೆ ಬರಿದಾಗಿತ್ತು. ಹಾಸಿಗೆಯಲ್ಲಿ ಯಾರೂ ಮಲಗಿರಲಿಲ್ಲ. ರಾತ್ರಿಯ ಉಡುಪು ಮಡಿಸಿಟ್ಟಂತೆಯೇ ಇತ್ತು. ಹಿಂಬದಿಯ ಅಟ್ಟಣೆಯ ಕಟಕಟೆಯ ಬಳಿ ಅವನ ಟೋಪಿಯೂ ಅಚ್ಚುಕಟ್ಟಾಗಿ ಮಡಿಸಿದ ಮೇಲಂಗಿಯೂ ಕಂಡವು.

ಕೆಲವು ದಿನಗಳ ಅನಂತರ ಹಾಲೆಂಡಿನ ದೋಣಿಯೊಂದಕ್ಕೆ ಸಮುದ್ರದಲ್ಲಿ ಶವವೊಂದು ಕಂಡಿತು. ಜೇಬಿನಲ್ಲಿದ್ದ ಸಣ್ಣಪುಟ್ಟ ವಸ್ತುಗಳನ್ನು ತೆಗೆದುಕೊಂಡು ನಾವಿಕರು ದೇಹವನ್ನು ಕಡಲಿಗೇ ಒಪ್ಪಿಸಿದರು. ಗುಳಿಗೆಯ ಡಬ್ಬಿ, ಚಾಕು, ಕನ್ನಡಕದ ಪೆಟ್ಟಿಗೆ ಇವು ತಂದೆಯವೇ ಎಂದು ಮಗ ಯೂಜೆನ್ ಗುರುತಿಸಿದನು. ಪ್ರಯಾಣಕ್ಕೆ ಮೊದಲು ಡೀಸೆಲ್ಲನು ಹೆಂಡತಿಯ ಕೈಗೆ ಒಂದು ಚೀಲವನ್ನು ಕೊಟ್ಟು ಮುಂದಿನ ವಾರ ತೆರೆಯುವಂತೆ ತಿಳಿಸಿದ್ದನು. ಅದರಲ್ಲಿ ೨೦,೦೦೦ ಮಾರ್ಕುಗಳಿದ್ದವು. ಆಸ್ತಿಯೆಲ್ಲ ಕರಗಿಹೋಗಿರುವುದನ್ನು ತೋರಿಸುವ ಲೆಕ್ಕಪತ್ರಗಳಿದ್ದವು. ದಿನಚರಿಯಲ್ಲಿ ಸೆಪ್ಟೆಂಬರ್ ೨೯ರ ಎದುರಿಗೆ ಒಂದು ಶಿಲುಬೆಯ ಗುರುತಿತ್ತು.

ಜರ್ಮನಿಯ ಗೂಢಚಾರರು ಕೊಂದರೆಂದೂ, ಎಣ್ಣೆಯ ವ್ಯಾಪಾರಿಗಳು ಕೊಲ್ಲಿಸಿದರೆಂದೂ ಅಂದು ಹಬ್ಬಿದ ವದಂತಿಗಳು ಇಂದಿಗೂ ಪೂರ್ತಿ ಅಡಗಿಲ್ಲ. ಚರಿತ್ರಕಾರರಲ್ಲಿ ಹೆಚ್ಚಿನವರು ಆತ್ಮಹತ್ಯೆಯ ಪಕ್ಷವನ್ನೇ ಹಿಡಿದಿದ್ದಾರೆ. ನಿರ್ಣಯ ಏನೇ ಇರಲಿ, ನಿದ್ರೆಯಿಲ್ಲದ ಇರುಳುಗಳು, ಬಿಡದ ತಲೆನೋವು, ಬಚ್ಚಿಟ್ಟ ಸಾಲ, ಚೀಲ, ಶಿಲುಬೆ ಇವೆಲ್ಲ ಸಾಲಾಗಿ ಬೆಳಗಿದ ದೀಪಗಳೇ. ಒಂದೊಂದನ್ನೂ ಬಿಡಿಯಾಗಿ ಕಂಡವರಿದ್ದರು. ಕೂಡಿಸಿ ಓದಿದವರಿರಲಿಲ್ಲ.

*

ಅವನು ಗತಿಸಿ ಹತ್ತು ವರ್ಷ ಕಳೆಯುವಷ್ಟರಲ್ಲಿ ಅವನ ಎಂಜಿನ್ನು ಲಾರಿಯನ್ನೂ ಏರಿತು. ೧೯೨೩-೨೪ರಲ್ಲಿ ಜರ್ಮನಿಯ ಬೆಂಜ್ ಮತ್ತು ಆಗ್ಸ್‌ಬರ್ಗಿನ ಎಂ.ಎ.ಎನ್. ಕಂಪನಿಗಳು ಗಾಳಿಯ ಸಂಕೋಚಕವಿಲ್ಲದ ಡೀಸೆಲ್ ಲಾರಿಗಳನ್ನು ಹೊರತಂದವು. ೧೯೨೭ರಲ್ಲಿ ರಾಬರ್ಟ್ ಬಾಷ್ ಕಂಪನಿಯು ಇಂಧನವನ್ನು ಹನಿಹನಿಯಾಗಿ ಅಳೆದು 
ಹೊಗಿಸುವ ಪಂಪನ್ನು ವಿಪುಲವಾಗಿ ತಯಾರಿಸತೊಡಗಿತು. ೧೯೮೦ರ ದಶಕದಿಂದ ಅಳತೆಯ ಈ ಕೆಲಸ ಎಲೆಕ್ಟ್ರಾನಿಕ್ ನಿಯಂತ್ರಕದ ವಶವಾಯಿತು. ಭಾರತದಲ್ಲಿ ೨೦೨೦ನೆಯ ಏಪ್ರಿಲ್ ೧ರಿಂದ ಭಾರತ್ ಸ್ಟೇಜ್ ಆರರ ನಿಯಮ ಬಂದ ಮೇಲೆ, ಹೊಗೆಯನ್ನು ಶುದ್ಧಮಾಡುವ ಭಾಗಗಳ ಮೇಲೂ ಕಣ್ಣಿಡುವ ಸೆನ್ಸರುಗಳು ಹೊಸ ಲಾರಿಗಳಲ್ಲೆಲ್ಲ ತುಂಬಿಕೊಂಡವು.

ಭಾರದ ವಾಹನಗಳ ಈ ಅಂಕಿಗಳಿಗೂ ಒಂದು ವ್ಯಾಕರಣವುಂಟು. ಜೆ ೧೯೩೯ ಎಂಬ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಪ್ರತಿಯೊಂದು ದೋಷಕ್ಕೂ ಎರಡು ಸಂಖ್ಯೆಗಳು. ಮೊದಲನೆಯದು ಸಂದೇಹಕ್ಕೆ ಗುರಿಯಾದ ಅಂಗವನ್ನು ಹೇಳಿದರೆ, ಎರಡನೆಯದು ಕೆಟ್ಟ ಬಗೆಯನ್ನು ಹೇಳುತ್ತದೆ. ೧೦೦ ಎಂದರೆ ಎಂಜಿನ್ ಆಯಿಲಿನ ಒತ್ತಡ. ಅದರೊಡನೆ ೧ ಬಂದರೆ ಒತ್ತಡವು ನಿಜವಾಗಿಯೇ ಅಪಾಯದ ಮಟ್ಟಕ್ಕೆ ಇಳಿದಿದೆಯೆಂದು ಸೆನ್ಸರು ಹೇಳುತ್ತಿದೆ. ಲಾರಿಯನ್ನು ಕೂಡಲೇ ನಿಲ್ಲಿಸಬೇಕು. ಅದೇ ೧೦೦ರ ಜೊತೆಗೆ ೪ ಬಂದರೆ ಸೆನ್ಸರಿನ ವಿದ್ಯುತ್ತು ಇರಬೇಕಾದುದಕ್ಕಿಂತ ಕಡಿಮೆಯಾಗಿದೆ ಎಂದಷ್ಟೇ ಅರ್ಥ. ಆಯಿಲು ಸರಿಯಾಗಿಯೇ ಇದ್ದು, ಎಲ್ಲೋ ಒಂದು ವೈರು ಸವೆದು ಕಬ್ಬಿಣಕ್ಕೆ ತಾಗಿರಬಹುದು. ಎರಡನೆಯ ಅಂಕಿಯನ್ನು ನೋಡದ ಮೆಕ್ಯಾನಿಕ್ಕನು ಮೊದಲನೆಯ ರೋಗಕ್ಕೆ ಎರಡನೆಯದರ ಮದ್ದು ಕೊಟ್ಟು ಎಂಜಿನ್ನನ್ನೇ ಕಳೆದುಕೊಳ್ಳಬಹುದು.

ನಮ್ಮ ಲಾಕ್ಷಣಿಕರು ಮಾತಿಗೆ ವಾಚ್ಯಾರ್ಥವೊಂದು, ಅದರಾಚೆಗೆ ಧ್ವನಿಯೊಂದು ಎಂದು ವಿಂಗಡಿಸಿದರು. ತೆರೆಯ ಮೇಲಿನ ಸಂಖ್ಯೆ ವಾಚ್ಯಾರ್ಥ. ಒಳ್ಳೆಯ ಮೆಕ್ಯಾನಿಕ್ಕನು ಅಲ್ಲಿಗೆ ನಿಲ್ಲುವುದಿಲ್ಲ. ಒತ್ತಡವನ್ನು ಬೇರೊಂದು ಮಾಪಕದಿಂದ ಅಳೆಯುತ್ತಾನೆ, ವೈರನ್ನು ಉದ್ದಕ್ಕೂ ತಡವಿ ನೋಡುತ್ತಾನೆ, ದೋಷವು ಯಾವ ಏರಿನಲ್ಲಿ, ಎಷ್ಟು ಭಾರ ಹೊತ್ತಾಗ ಕಂಡಿತೆಂದು ಚಾಲಕನನ್ನು ಕೇಳುತ್ತಾನೆ. ಆಗ್ಸ್‌ಬರ್ಗಿನ ಶೆಡ್ಡಿನಲ್ಲಿ ಪೆನ್ಸಿಲಿನ ಗೆರೆಯನ್ನು ಹಿಡಿದು ಡೀಸೆಲ್ಲನು ಮಾಡುತ್ತಿದ್ದುದೂ ಇದನ್ನೇ.

ಕೈಯಲ್ಲಿಯ ಉಪಕರಣದಿಂದ ದೋಷದ ಅಂಕಿಯನ್ನು ಅಳಿಸಿಹಾಕುವುದು ಬಹಳ ಸುಲಭ. ಒಂದು ಗುಂಡಿ ಒತ್ತಿದರೆ ಸಾಕು, ದೀಪ ಆರುತ್ತದೆ, ಲಾರಿ ಹೊರಡುತ್ತದೆ. ಕಾರಣ ಒಳಗೇ ಉಳಿದಿದ್ದರೆ ಮುಂದಿನ ಏರಿನಲ್ಲಿ ಅದು ಮತ್ತೆ ಹೊತ್ತಿಕೊಳ್ಳುತ್ತದೆ. ೧೮೯೮ರಲ್ಲಿ ವಿಶ್ರಾಂತಿಯ ಬಲದಿಂದ ಡೀಸೆಲ್ಲನ ದೀಪವನ್ನು ಆರಿಸಿ ಕಳುಹಿಸಿದ್ದರು. ಹದಿನೈದು ವರ್ಷ ಅವನು ಹಾಗೆಯೇ ಭಾರ ಹೊತ್ತು ನಡೆದನು. ಘಟ್ಟದ ದಾರಿಯಲ್ಲಿ ಇರುಳೆಲ್ಲ ಗುಡುಗುತ್ತ ಏರುವ ಲಾರಿಗಳ ಸದ್ದನ್ನು ಕೇಳಿದಾಗ, ಯಂತ್ರಕ್ಕೆ ಮಾತು ಕಲಿಸಿದ ಯುಗದ ಮೊದಲಲ್ಲಿ ನಿಂತು, ತನ್ನ ನೋವಿಗೆ ಮಾತು ಕಾಣದೆ ಹೋದ ಆ ಮನುಷ್ಯನನ್ನು ಒಮ್ಮೆಯಾದರೂ ನೆನೆಯುವುದು ನಮ್ಮ ಧರ್ಮ.